ಅಕ್ಕನ ಜೋಲಿಗೆ ಬಟ್ಟೆ

ಡಬಲಮ್ಮ ಬಟ್ಟೆಯನ್ನು ಕಣ್ಣಿನಿಂದ ಆರಿಸುವವಳಲ್ಲ. ಅಂಗಡಿಯವನು ಬಟ್ಟೆಯ ತಾನು ಬಿಚ್ಚಿ ಹಾಸಿದರೆ ಬಣ್ಣವನ್ನಾಗಲಿ ಹೂವನ್ನಾಗಲಿ ನೋಡದೆ ಮೊದಲು ಅಂಚನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜುತ್ತಿದ್ದಳು. ಆಮೇಲೆ ಎರಡೂ ಹೆಬ್ಬೆರಳು ಜೋಡಿಸಿ ಎಳೆಯುತ್ತಿದ್ದಳು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕಡೆಗೆ ಓರೆಗೆ. ಇಷ್ಟಾದ ಮೇಲೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಉಸಿರೆಳೆದು ನೋಡುತ್ತಿದ್ದಳು. ಗೊತ್ತಿಲ್ಲದ ಗಿರಾಕಿಗಳು ಯಾರೋ ಬಟ್ಟೆ ತಿನ್ನುತ್ತಿದ್ದಾಳೆಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅಂಗಡಿಯ ಯಜಮಾನನಿಗೆ ಅದೆಲ್ಲ ಅಭ್ಯಾಸವಾಗಿತ್ತು. "ಉಪ್ಪು ಖಾರ ಸರಿಯಿದೆಯಾ ಅಮ್ಮ?" ಎಂದು ಕೇಳಿ ಮುಂದಿನ ತಾನಿಗೆ ಕೈ ಹಾಕುತ್ತಿದ್ದ.

ಡಬಲಮ್ಮ ಎಂಬ ಹೆಸರು ಅವಳಿಗೆ ಬಂದದ್ದು ಆಸ್ಪತ್ರೆಯಲ್ಲಿ. ಅಲ್ಲಿ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕಕ್ಕೆ, ಹೊಲಿಗೆ ಕೋಣೆ ಇತ್ತು. ಕಿಟಕಿಗಳು ಎತ್ತರದಲ್ಲಿದ್ದುದರಿಂದ ಒಳಗೆ ಕೂತವರಿಗೆ ಹೊರಗೆ ಓಡಾಡುವವರ ಕಾಲು ಮಾತ್ರ ಕಾಣುತ್ತಿತ್ತು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ನಿಲುವಂಗಿ, ಬಾಯಿ ಮುಚ್ಚುವ ಮಾಸ್ಕು, ರೋಗಿಗಳನ್ನು ಹೊರುವ ಸ್ಟ್ರೆಚರಿನ ಕ್ಯಾನ್ವಾಸು, ಎಲ್ಲ ಅಲ್ಲಿಯೇ ಹೊಲಿದು ಮೇಲಕ್ಕೆ ಹೋಗುತ್ತಿತ್ತು. ಅವಳು ಕೆಲಸಕ್ಕೆ ಸೇರಿದ ದಿನ ಕೋಣೆಯ ಹಿರಿಯಳು ಒಂದು ಹಳೆಯ ಸ್ಟ್ರೆಚರ್ ಬಟ್ಟೆಯನ್ನು ತಂದು ಅವಳ ತೊಡೆಯ ಮೇಲೆ ಹಾಕಿದಳು. ಕ್ಯಾನ್ವಾಸು ಗಟ್ಟಿಯಾಗಿಯೇ ಇತ್ತು, ಆದರೆ ಒಂದು ಬದಿಯ ಹೊಲಿಗೆ ತುದಿಯಿಂದ ತುದಿಗೆ ಬಿಟ್ಟುಹೋಗಿತ್ತು.

"ಮೆಟ್ಟಿಲ ಮೇಲೆ ಬಿಡ್ತು," ಎಂದಳು ಹಿರಿಯಳು. "ಒಂದೇ ಸುತ್ತು ಹೊಲಿದಿದ್ರು. ಮಲಗಿದ್ದೋಳು ಬಸುರಿ."

ಅವತ್ತಿನಿಂದ ಇವಳ ಕೈಯಿಂದ ಒಂದೇ ಸುತ್ತಿನ ಹೊಲಿಗೆ ಹೊರಗೆ ಬರಲಿಲ್ಲ. ಕರವಸ್ತ್ರಕ್ಕೂ ಎರಡು ಸುತ್ತು, ಗುಂಡಿಗೂ ಎರಡು ಪಟ್ಟು ದಾರ. ಮೇಲಿನ ವಾರ್ಡುಗಳಲ್ಲಿ ನರ್ಸುಗಳು "ಡಬಲಮ್ಮನ ಗುಂಡಿ ಬಿಚ್ಚೋ ಹೊತ್ತಿಗೆ ಪೇಷೆಂಟಿಗೆ ಜ್ವರ ಬಿಟ್ಟಿರುತ್ತೆ" ಎಂದು ನಗುತ್ತಿದ್ದರು. ಅವಳ ಅಕ್ಕನ ಮಗಳಿಗೆ ಚಿಕ್ಕವಳಿದ್ದಾಗ ಹೊಲಿದುಕೊಟ್ಟ ಲಂಗವೊಂದು ಆಮೇಲೆ ಬೀದಿಯ ಎಷ್ಟೋ ಮಕ್ಕಳ ಮೈಮೇಲೆ ತಿರುಗಿ, ಬಣ್ಣವೆಲ್ಲ ಹೋಗಿ, ಹೊಲಿಗೆ ಮಾತ್ರ ಹಾಗೇ ಉಳಿದು ವಾಪಸು ಬಂದಿತ್ತು.

ಅಕ್ಕ ಎಂದರೆ ಡಬಲಮ್ಮನಿಗೆ ಇದ್ದವಳು ಅವಳೊಬ್ಬಳೇ. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಮಂಚ. ತಂಗಿ ನಿದ್ದೆಯಲ್ಲಿ ಹೊರಳಿ ಧೊಪ್ಪನೆ ಬೀಳುತ್ತಿದ್ದಳು. ಗೋಡೆಯ ಕಡೆ ಮಲಗಿಸಿದರೂ ಅಕ್ಕನನ್ನೇ ದಾಟಿಕೊಂಡು ಬಂದು ಬೀಳುತ್ತಿದ್ದಳಂತೆ. ಕಡೆಗೆ ಅಕ್ಕ ಮಂಚವನ್ನು ಅವಳಿಗೆ ಬಿಟ್ಟುಕೊಟ್ಟು ತಾನು ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡಳು. "ಬೀಳೋದಾದ್ರೆ ನನ್ನ ಮೇಲೇ ಬೀಳು, ಬೆಳಿಗ್ಗೆ ಲೆಕ್ಕ ನೋಡ್ಕೊಳ್ಳೋಣ" ಎಂದಿದ್ದಳು. ಮದುವೆಯಾಗಿ ಹೋಗುವವರೆಗೂ ಅಕ್ಕ ಮಲಗಿದ್ದು ಅಲ್ಲೇ.

ಭಾವ ರಸ್ತೆ ಅಳೆಯುವ ಕೆಲಸದವರು. ಊರೂರು ಅಲೆದು ಡೇರೆಯಲ್ಲಿ ಮಲಗಿ ಅಭ್ಯಾಸವಾದ ಮನುಷ್ಯ. ರಜ ಬಂದರೆ ಎಲ್ಲರೂ ಮನೆ ಸೇರಿಕೊಂಡರೆ ಅವರು ಹೆಂಡತಿಯನ್ನು ಕರೆದುಕೊಂಡು ಮನೆ ಬಿಡುತ್ತಿದ್ದರು. ಕಲ್ಲುಗಣಿ ದಾಟಿದರೆ ಒಂದು ಕೆರೆ, ಕೆರೆಯ ಆಚೆ ದಡದಲ್ಲಿ ಹಳೆಯ ಮರಗಳು. ಅಲ್ಲಿ ತಮ್ಮ ಹಸಿರು ಡೇರೆ ಹೊಡೆದು ಗಂಡ ಹೆಂಡತಿ ಎರಡು ಮೂರು ದಿನ ಇದ್ದು ಬರುತ್ತಿದ್ದರು. ಮನೆಯಲ್ಲಿ ಒಂದು ಗಳಿಗೆ ಕೂತಲ್ಲಿ ಕೂರದ ಅಕ್ಕ ಅಲ್ಲಿ ಮಾತ್ರ ಹೊತ್ತು ನೆತ್ತಿಗೇರುವ ತನಕ ಮಲಗುತ್ತಿದ್ದಳಂತೆ. ಡಬಲಮ್ಮನ ಗಂಡ ಮದುವೆಯಾದ ಕೆಲವು ವರ್ಷಕ್ಕೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಒಬ್ಬಳೇ ಇರುತ್ತಾಳೆಂದು ಪ್ರತಿ ಸಲವೂ ಇವಳನ್ನು ಕರೆಯುತ್ತಿದ್ದರು. "ಬಯಲಲ್ಲಿ ಬಿದ್ಕೊಳ್ಳೋಕೆ ನನಗೇನು ಮನೆ ಇಲ್ವಾ?" ಎಂದು ಪ್ರತಿ ಸಲವೂ ಇವಳು ತಪ್ಪಿಸಿಕೊಳ್ಳುತ್ತಿದ್ದಳು.

ಭಾವ ಹೋದ ಮೇಲೆ ಡೇರೆ ಅಟ್ಟ ಸೇರಿತು. ಒಂದೆರಡು ವರ್ಷದಲ್ಲಿ ಅಕ್ಕನಿಗೆ ಉಸಿರಿನ ಕಾಯಿಲೆ ಹತ್ತಿಕೊಂಡಿತು. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಹಾಸಿಗೆ ಬಿಟ್ಟು ಒರಗು ಕುರ್ಚಿಯಲ್ಲೇ ರಾತ್ರಿ ಕಳೆಯುವ ಹಾಗಾಯಿತು. ಕುರ್ಚಿಯಲ್ಲಿ ನಿದ್ದೆ ಎಂದರೆ ಏನು, ಕುತ್ತಿಗೆ ಜೋತು ಬಿದ್ದು ಎಚ್ಚರವಾಗುವುದು, ಮತ್ತೆ ಜೋಲುವುದು. ಒಂದು ದಿನ ಅವಳು ಮಗಳ ಹತ್ತಿರ, "ಒಂದೇ ಒಂದು ರಾತ್ರಿ ಕೆರೆ ಹತ್ರ ಮಲಗಿ ಬರ್ಬೇಕು ಕಣೆ," ಎಂದಳು.

ಮಗಳು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದಳು. ಗಟ್ಟಿ ಹೆಣ್ಣು, ಮಾತು ಕಡಿಮೆ. ತಾಯಿ ಕೇಳಿದ್ದನ್ನು ಡಾಕ್ಟರ ಮುಂದೆ ಇಟ್ಟಳು. ಅವರು, "ಹೋಗೋದಾದ್ರೆ ಚಳಿ ಶುರುವಾಗೋಕೆ ಮುಂಚೆ ಹೋಗಿ. ಬೆನ್ನು ತಲೆ ಎತ್ತರದಲ್ಲಿರ್ಬೇಕು. ಮುಂದಿನ ವರ್ಷ ಅಂತ ಇಟ್ಕೋಬೇಡಿ," ಎಂದರು. ಅದರ ಅರ್ಥ ಮಗಳಿಗೂ ಆಯಿತು, ಅಕ್ಕನಿಗೂ ಆಯಿತು.

ನೆಲದ ಮೇಲೆ ಮಲಗುವ ಹಾಗಿಲ್ಲ, ಕೆರೆಯ ದಡಕ್ಕೆ ಕುರ್ಚಿ ಹೊತ್ತುಕೊಂಡು ಹೋದರೆ ಮನೆಯಲ್ಲೇ ಇದ್ದ ಹಾಗೆ. ಎರಡು ಮರದ ನಡುವೆ ಜೋಲಿ ಕಟ್ಟಿದರೆ ತಲೆಯ ಕಡೆ ಎಷ್ಟು ಬೇಕೋ ಅಷ್ಟು ಏರಿಸಬಹುದು ಎಂದು ಮಗಳಿಗೆ ಹೊಳೆಯಿತು. ಪೇಟೆಯಿಂದ ಬಲೆಯಂಥ ಜೋಲಿಯೊಂದನ್ನು ತಂದಳು. ಅಕ್ಕ ಅದರಲ್ಲಿ ಸ್ವಲ್ಪ ಹೊತ್ತು ಮಲಗಿ ಎದ್ದಾಗ ತೋಳು, ಬೆನ್ನು, ಮೀನಖಂಡವೆಲ್ಲ ಚೌಕ ಚೌಕ ಬಾಸುಂಡೆ. ಔಷಧಿ ತಿಂದು ತಿಂದು ಚರ್ಮ ಈರುಳ್ಳಿ ಸಿಪ್ಪೆಯ ಹಾಗಾಗಿತ್ತು.

"ಬಲೆಗೆ ಬಿದ್ದ ಮೀನಾದೆ," ಎಂದು ಅಕ್ಕ ತೋಳನ್ನು ತಂಗಿಯ ಮುಂದೆ ಚಾಚಿದಳು. "ನೀನೇ ಏನಾದ್ರೂ ಮಾಡೇ. ಊರಿಗೆಲ್ಲ ಹೊಲಿದಿದೀಯ."

"ಮಾಡ್ತೀನಿ," ಎಂದಳು ಡಬಲಮ್ಮ. ಬಟ್ಟೆ ಯಾವುದು ಎಂದು ಯೋಚಿಸುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಮನುಷ್ಯರ ಭಾರ ಹೊರುವ ಬಟ್ಟೆ ಎಂದರೆ ಅವಳ ಲೆಕ್ಕದಲ್ಲಿ ಒಂದೇ.

ಆಸ್ಪತ್ರೆಗೆ ಸರಕು ಹಾಕುತ್ತಿದ್ದ ಅಂಗಡಿಗೇ ಹೋಗಿ ಅದೇ ಕ್ಯಾನ್ವಾಸು ತಂದಳು. ಹೊಗೆಯ ಬಣ್ಣ, ಒತ್ತಾದ ನೇಯ್ಗೆ, ಉಗುರು ಗೀರಿದರೂ ಗೆರೆ ಬೀಳದು. ಅವಳ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಕಾಲಲ್ಲಿ ತುಳಿಯುವ ಮೆಷೀನು ಕಿಟಕಿಯ ಪಕ್ಕ ಇತ್ತು. ಅಷ್ಟು ದಪ್ಪದ ಬಟ್ಟೆಗೆ ಸೂಜಿ ಮುರಿಯುತ್ತ ಹೋಯಿತು, ಅವಳು ಹೊಸದು ಹಾಕುತ್ತ ಹೋದಳು. ಅಂಚನ್ನು ಮಡಚಿ ಎರಡು ಸುತ್ತು, ಹಗ್ಗ ತೂರಿಸುವ ತುದಿಗಳಿಗೆ ನಾಲ್ಕು ಸುತ್ತು. ಮುಗಿದಾಗ ಅವಳಿಗೆ ಅನ್ನಿಸಿತು, ತನ್ನ ಕೈಯಿಂದ ಇಷ್ಟು ಚೊಕ್ಕವಾದ ಕೆಲಸ ಹಿಂದೆ ಆಗಿರಲಿಲ್ಲ.

ಅಕ್ಕನ ಮನೆಯ ಅಂಗಳದಲ್ಲಿ ವ್ಯಾನು ನಿಲ್ಲಿಸುವ ಷೆಡ್ಡಿನ ಎರಡು ಕಬ್ಬಿಣದ ಕಂಬಗಳಿಗೆ ಅದನ್ನು ಕಟ್ಟಿದರು. ಮಗಳು ತಾಯಿಯನ್ನು ಎತ್ತಿ ಮೆಲ್ಲಗೆ ಮಲಗಿಸಿದಳು. ಕ್ಯಾನ್ವಾಸು ಒಂದು ಚೂರೂ ಜಗ್ಗಲಿಲ್ಲ. ಎರಡೂ ಬದಿಯ ಅಂಚು ಮೇಲೆದ್ದು ಬಂದು ಅಕ್ಕನನ್ನು ಬಟಾಣಿಯ ಸಿಪ್ಪೆ ಕಾಳನ್ನು ಮುಚ್ಚುವ ಹಾಗೆ ಮುಚ್ಚಿತು. ಒಳಗಿನಿಂದ ಸದ್ದಿಲ್ಲ.

"ಹೇಗಿದೆ ಅಕ್ಕಾ? ಬೆಟ್ಟ ಬಿದ್ರೂ ಹರಿಯಲ್ಲ ಇದು."

ಡಬಲಮ್ಮ ಅಂಚನ್ನು ಬಿಡಿಸಿ ನೋಡಿದಳು. ಅಕ್ಕ ಎರಡೂ ಕೈಯನ್ನು ಎದೆಗೆ ಅವುಚಿಕೊಂಡು, ಬಟ್ಟೆ ಎಲ್ಲಿಯೂ ಬೆರಳಿಗೆ ತಾಗದ ಹಾಗೆ ಮೈ ಬಿಗಿ ಹಿಡಿದಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಇಳಿಸೇ," ಎಂದಳು. "ಇಳಿಸೇ ನನ್ನ."

ಮಗಳು ಎತ್ತಿ ಕುರ್ಚಿಗೆ ಕೂರಿಸಿದಳು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅಕ್ಕ ಜೋಲಿಯ ಕಡೆ ನೋಡದೆಯೇ, "ಅವರನ್ನ ಮನೆಯಿಂದ ಹೊತ್ಕೊಂಡು ಹೋದದ್ದು ಇದರಲ್ಲೇ ಅಲ್ವೇನೇ?" ಎಂದಳು. "ಅವರ ಕೈ ಹೊರಗೆ ನೇತಾಡ್ತಿತ್ತು. ನಾನೇ ಎತ್ತಿ ಒಳಗಿಟ್ಟೆ. ಈ ಬಟ್ಟೆ ಆವತ್ತು ಮುಟ್ಟಿದೀನಿ ನಾನು."

ಭಾವನನ್ನು ಆಂಬುಲೆನ್ಸಿಗೆ ಹತ್ತಿಸಿದ ಸ್ಟ್ರೆಚರಿನ ಬಟ್ಟೆ ಡಬಲಮ್ಮನೇ ಹೊಲಿದದ್ದು. ಅವತ್ತು ಕಣ್ಣಲ್ಲಿ ನೀರು ತುಂಬಿದ್ದರೂ ಅದರ ಅಂಚಿನ ಎರಡು ಸುತ್ತನ್ನು ನೋಡಿ, ಭಾವ ಬೀಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಅದೇ ಬಟ್ಟೆಯನ್ನು ಅಕ್ಕ ಬೇರೆ ಥರ ನೆನಪಿಟ್ಟುಕೊಂಡಿರಬಹುದು ಎಂಬುದು ಇಷ್ಟು ದಿನ ಅವಳ ತಲೆಗೇ ಬಂದಿರಲಿಲ್ಲ. ಕಂಬದ ಗಂಟು ಬಿಚ್ಚಿ, ಕ್ಯಾನ್ವಾಸನ್ನು ಸುತ್ತಿ ಕಂಕುಳಿಗೆ ಇಟ್ಟುಕೊಂಡು ಮನೆಗೆ ಬಂದಳು.

ಮಾರನೆಯ ದಿನ ಅಕ್ಕನೇ ಹೇಳಿಕಳಿಸಿದಳು. ಹೋಗಿ ನೋಡಿದರೆ ಅಟ್ಟದಿಂದ ಭಾವನ ಡೇರೆಯನ್ನು ಇಳಿಸಿ ಅಂಗಳದಲ್ಲಿ ಹರಡಿದ್ದರು. ಅಕ್ಕ ಕುರ್ಚಿಯಲ್ಲಿ ಕೂತು ಅದರ ಒಂದು ಮೂಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು.

"ಇದರಲ್ಲಿ ಹೊಲಿ," ಎಂದಳು. "ಇದಾದ್ರೆ ಹೋಗ್ತೀನಿ. ಇಲ್ದಿದ್ರೆ ಬೇಡ, ಈ ಕುರ್ಚಿನೇ ಸಾಕು."

ಡಬಲಮ್ಮ ಬಗ್ಗಿ ಒಂದು ಅಂಚು ಹಿಡಿದಳು. ಬೆರಳಿಗೆ ತಾಗಿದ ಕ್ಷಣವೇ ಗೊತ್ತಾಯಿತು. ಆಸ್ಪತ್ರೆಯ ತಾರಸಿಯ ಮೇಲೆ ವರ್ಷಗಟ್ಟಲೆ ಒಣಗಿದ ಹೊದಿಕೆಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಬಿಸಿಲು ತಿಂದ ಬಟ್ಟೆ ನೋಡಲು ಎಲ್ಲೂ ಕೆಟ್ಟಿರುವುದಿಲ್ಲ. ನೂಲಿನೊಳಗಿನ ಸತ್ವ ಮಾತ್ರ ಹೋಗಿರುತ್ತದೆ. ಅವಳು ಅದನ್ನು ಅಲ್ಲಿ ಹೇಳಲಿಲ್ಲ. "ಮನೆಗೆ ಒಯ್ದು ನೋಡ್ತೀನಿ," ಎಂದು ಮಡಚಿಕೊಂಡು ಹೊರಟಳು. ಅಕ್ಕನ ಮುಖದಲ್ಲಿ ಆಗಲೇ ಕೆರೆಗೆ ಹೊರಟವಳ ಕಳೆ ಬಂದಿತ್ತು.

ಮನೆಯಲ್ಲಿ ಡೇರೆಯನ್ನು ಮೆಷೀನಿನ ಮೇಲೆ ಹಾಕಿಕೊಂಡು ಕೂತಳು. ಕೆಳಗೆ ಗಟ್ಟಿ ಬಟ್ಟೆಯೊಂದನ್ನು ಕೊಟ್ಟು ಮೇಲೆ ಇದನ್ನು ಹೊದಿಸಿ ಹೊಲಿದರೆ ಹೇಗೆ ಎಂದು ಯೋಚಿಸಿದಳು. ಭಾರ ಕೆಳಗಿನದು ಹೊರುತ್ತದೆ, ಅಕ್ಕನ ಮೈಗೆ ತಾಗುವುದು ಡೇರೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಒಳ್ಳೆಯ ಉಪಾಯವೇ ಅನ್ನಿಸಿತು. ಅಭ್ಯಾಸಬಲದಿಂದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಉಸಿರೆಳೆದಳು. ಅಟ್ಟದ ಮುಗ್ಗುಲು, ಧೂಳು, ನೀರು ತಡೆಯಲೆಂದು ಬಳಿದ ಹಳೆಯ ಮೇಣದ ವಾಸನೆ ಒಟ್ಟಿಗೇ ಗಂಟಲಿಗೆ ಹೊಡೆದು ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದಳು. ಒಗೆದರೆ ಹೋಗುವ ಮುಗ್ಗುಲಲ್ಲ ಅದು, ಒಗೆದರೆ ಬಟ್ಟೆಯೇ ಹೋಗುತ್ತದೆ. ತನ್ನಂಥ ಗಟ್ಟಿ ಎದೆಗೇ ಹೀಗಾದರೆ ರಾತ್ರಿಯಿಡೀ ಇದರಲ್ಲಿ ಮುಖವಿಟ್ಟು ಮಲಗುವ ಅಕ್ಕನ ಗತಿ ಏನು? ಕೆಳಗಿನಿಂದ ಸೈಕಲ್ ಅಂಗಡಿಯವನು, "ಏನಮ್ಮಾ, ಇವತ್ತು ಯಾವ ಬಟ್ಟೆ ನೆತ್ತಿಗೇರ್ತು?" ಎಂದು ಕೂಗಿದ. ಅವಳು ಡೇರೆಯನ್ನು ಮಡಚತೊಡಗಿದಳು.

ಸಂಜೆ ಡೇರೆಯನ್ನು ಮತ್ತೆ ಹೊತ್ತುಕೊಂಡು ಅಕ್ಕನ ಮನೆಗೆ ಹೋದಳು. ಹೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು.

"ಆಗಲ್ಲ ಅಕ್ಕಾ," ಎಂದಳು.

"ಏನಾಗಲ್ಲ?"

"ಇದು ನಿನ್ನ ಹೊರಲ್ಲ. ಬಿಸಿಲು ತಿಂದ್ಬಿಟ್ಟಿದೆ."

"ನೋಡೋಕೆ ಚೆನ್ನಾಗೇ ಇದೆ."

"ನೋಡೋಕೆ ಚೆನ್ನಾಗೇ ಇರುತ್ತೆ."

"ನಿನಗೆ ಆ ಕ್ಯಾನ್ವಾಸೇ ಆಗ್ಬೇಕು, ಅದಕ್ಕೆ ಹೀಗೆ ಹೇಳ್ತೀಯ," ಎಂದಳು ಅಕ್ಕ. "ನಿನ್ನ ಕಣ್ಣಿಗೆ ಎಲ್ಲರೂ ಬೀಳೋರೇ. ಚಿಕ್ಕಂದಿನಿಂದ ಬಿದ್ದೋಳು ನೀನು, ನಾನಲ್ಲ."

ಮಗಳು ಒಳಗಿನಿಂದ, "ಅಮ್ಮಾ," ಎಂದಳು. ಅಕ್ಕ ಕೇಳಿಸಿಕೊಳ್ಳಲಿಲ್ಲ.

ಡಬಲಮ್ಮ ಡೇರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಬಟ್ಟೆ ಹರಿಯುವುದೆಂದರೆ ಅವಳಿಗೆ ನಿತ್ಯದ ಕೆಲಸ. ಈ ಸಲ ಮಾತ್ರ ಅಕ್ಕನ ಮುಖ ನೋಡದೆ ಎಳೆದಳು. ಹರಿದ ಸದ್ದು ಕೂಡ ಸರಿಯಾಗಿ ಬರಲಿಲ್ಲ. ಗಟ್ಟಿ ಬಟ್ಟೆ ಹರಿದರೆ ಕಿವಿಗೆ ರಾಚುತ್ತದೆ. ಇದು ಒದ್ದೆ ಕಾಗದದ ಹಾಗೆ ಬಾಯಿಬಿಟ್ಟಿತು.

ಅಕ್ಕ ಮುಂದಕ್ಕೆ ಬಾಗಿ ನೋಡಿದಳು. "ಇನ್ನೊಂದು ಸಲ ಹರಿ," ಎಂದಳು. ಡಬಲಮ್ಮ ಬೇರೆ ಜಾಗದಲ್ಲಿ ಹರಿದಳು. ಅಕ್ಕ ಕೈ ಚಾಚಿದಳು. "ಕೊಡು ಇಲ್ಲಿ."

ಅಕ್ಕನ ಬೆರಳುಗಳಲ್ಲಿ ಔಷಧಿ ಬಾಟಲಿಯ ಮುಚ್ಚಳ ತಿರುಗಿಸುವಷ್ಟೂ ಬಲ ಉಳಿದಿರಲಿಲ್ಲ. ಅವಳು ಅಂಚನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಕೈಯನ್ನು ಆಚೆಗೆ, ಒಂದನ್ನು ಈಚೆಗೆ ಸರಿಸಿದಳು. ಡೇರೆ ಹರಿಯಿತು.

"ನನ್ನ ಕೈಗೂ ಹರಿತಲ್ಲೇ," ಎಂದಳು. ತಂಗಿ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಇಬ್ಬರ ನಡುವೆ ಬಟ್ಟೆ ಬಿದ್ದಿತ್ತು. ಹೊರಗೆ ಯಾರೋ ವ್ಯಾನಿಗೆ ಚೆಂಡು ತಾಗಿಸಿ ಓಡಿಹೋದರು, ಮಗಳು ಎದ್ದು ಹೋಗಿ ಗದರಿಸಲಿಲ್ಲ.

ಆಮೇಲೆ ಡಬಲಮ್ಮ ಹೇಳಿದಳು, "ಬಟ್ಟೆ ನೀನು ಆರಿಸು. ಹೊರುತ್ತೋ ಇಲ್ವೋ ನೋಡೋದು ನನಗೆ ಬಿಡು. ನಾನಾಗೇ ಯಾವುದನ್ನೂ ತರಲ್ಲ."

ರಜದ ದಿನ ಮೂವರೂ ವ್ಯಾನಿನಲ್ಲಿ ಬಟ್ಟೆ ಅಂಗಡಿಗೆ ಹೋದರು. ಯಜಮಾನ ತನ್ನ ಗಲ್ಲಾದ ಕುರ್ಚಿಯನ್ನೇ ತಂದು ಅಕ್ಕನಿಗೆ ಹಾಕಿ, ತಾನು ಬಟ್ಟೆಯ ರಾಶಿಗೆ ಒರಗಿ ನಿಂತ. "ತಂಗಿಯವರದು ರುಚಿ ನೋಡೋ ಕ್ರಮ. ನಿಮ್ಮದು ಹೇಗೆ?" ಎಂದ.

"ನನ್ನದು ಮಲಗೋ ಕ್ರಮ," ಎಂದಳು ಅಕ್ಕ. ಬಟ್ಟೆಗಳನ್ನು ಒಂದೊಂದಾಗಿ ಹೆಗಲ ಮೇಲೆ ಹಾಕಿಸಿಕೊಂಡು, ಕೆನ್ನೆಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು.

ಮೊದಲು ಬಂದದ್ದು ನೈಲಾನು. ಹಗುರ, ತೆಳು, ಆನೆ ಕಟ್ಟಿದರೂ ತಡೆಯುತ್ತದೆ ಎಂದ ಯಜಮಾನ. ಡಬಲಮ್ಮನ ಹೆಬ್ಬೆರಳೂ ಹೌದೆಂದಿತು. ಅಕ್ಕ ಕೆನ್ನೆ ಇಟ್ಟು ಒಂದು ಸಲ ಉಸಿರಾಡಿದಳು. ಚರಚರ ಎಂದಿತು. "ಇದು ನನಗಿಂತ ಜೋರಾಗಿ ಉಸಿರಾಡುತ್ತಲ್ಲ," ಎಂದು ತೆಗೆಸಿದಳು. ಹಾಸಿಗೆ ಹೊಲಿಯುವ ಪಟ್ಟೆ ಬಟ್ಟೆ ಗಟ್ಟಿಯಿತ್ತು, ಬಾಯಿಗೆ ಹಿಡಿದರೆ ಗಾಳಿ ಬರಲಿಲ್ಲ. ಬನಿಯನ್ನಿನಂಥ ಹೆಣೆದ ಬಟ್ಟೆ ಅಕ್ಕನಿಗೆ ಬಹಳ ಹಿಡಿಸಿತು. ಡಬಲಮ್ಮ ಅದನ್ನು ಎಳೆದು ಬಿಟ್ಟಳು, ಬಟ್ಟೆ ಹಿಂದಕ್ಕೆ ಬರಲಿಲ್ಲ. "ರಾತ್ರಿ ಮೇಲೆ ಮಲಗಿದ್ರೆ ಬೆಳಿಗ್ಗೆ ನೆಲದ ಮೇಲೆ ಇರ್ತೀಯ," ಎಂದಳು. ಅಚ್ಚ ಬಿಳಿಯ ದಪ್ಪ ಬಟ್ಟೆಯೊಂದನ್ನು ಯಜಮಾನ ಬಿಚ್ಚಲು ಹೊರಟಾಗ ಅಕ್ಕ ಕೈ ಅಡ್ಡ ಹಿಡಿದಳು. "ಬಿಳಿಗೆ ಇನ್ನೂ ಟೈಮ್ ಇದೆ. ಅದನ್ನ ನಾನು ಆರಿಸೋದೂ ಬೇಡ." ಯಜಮಾನ ತಲೆ ತಗ್ಗಿಸಿ ಅದನ್ನು ಮತ್ತೆ ಸುತ್ತಿಟ್ಟ.

ಕಡೆಗೆ ಅಕ್ಕನೇ ಬೆರಳು ತೋರಿಸಿದ್ದು ಕೆಳಗಿನ ಸಾಲಿನಲ್ಲಿದ್ದ ಒಂದು ಹತ್ತಿ ಬಟ್ಟೆಯನ್ನು. ದೊಡ್ಡ ಕಿಟಕಿಗಳ ಪರದೆಗೆಂದು ತರಿಸಿದ್ದು, ಸುಟ್ಟ ಇಟ್ಟಿಗೆಯ ಬಣ್ಣ. ಎಳೆಗಳು ಓರೆ ಓರೆಯಾಗಿ ಹೆಣೆದುಕೊಂಡಿದ್ದವು. ಅಗಲ ಚೆನ್ನಾಗಿತ್ತು, ನಡುವೆ ಜೋಡಣೆ ಬೇಕಿರಲಿಲ್ಲ, ಬೆನ್ನಿಗೆ ಹೊಲಿಗೆ ಒತ್ತುವ ಹಾಗಿರಲಿಲ್ಲ. ಅಕ್ಕ ಹೆಗಲ ಮೇಲೆ ಹಾಕಿಕೊಂಡು ಕಣ್ಣು ಮುಚ್ಚಿದವಳು ಬೇಗ ತೆರೆಯಲಿಲ್ಲ. ಯಜಮಾನನೂ ಮಗಳೂ ಕಾದು ನಿಂತರು.

ಡಬಲಮ್ಮ ಇನ್ನೊಂದು ತುದಿ ಹಿಡಿದಳು. ಉದ್ದಕ್ಕೆ ಗಟ್ಟಿ. ಅಡ್ಡಕ್ಕೆ ಪರವಾಗಿಲ್ಲ. ಓರೆಗೆ ಎಳೆದಾಗ ಮಾತ್ರ ಬಟ್ಟೆ ಸ್ವಲ್ಪ ಬಿಟ್ಟುಕೊಟ್ಟು ಮತ್ತೆ ಹಿಂದಕ್ಕೆ ಬಂತು. ಅವಳಿಗೆ ಅದು ಹಿಡಿಸಲಿಲ್ಲ. ಜೀವಮಾನವೆಲ್ಲ ಅವಳು ಬಿಟ್ಟುಕೊಡದ ಬಟ್ಟೆಯನ್ನೇ ನಂಬಿದವಳು. ಬಾಯಿಗೆ ಒತ್ತಿ ಉಸಿರೆಳೆದಳು. ಗಾಳಿ ಸಲೀಸಾಗಿ ಬಂತು. ಮತ್ತೊಂದು ಸಲ ಎಳೆದಳು. ಬೇಡ ಎನ್ನಲು ಬಾಯಿ ತೆರೆದು ಅಕ್ಕನ ಕಡೆ ನೋಡಿದಳು. ಅಕ್ಕನ ಕುತ್ತಿಗೆಯ ನರ ಸಡಿಲವಾಗಿತ್ತು. ಕುರ್ಚಿಯಲ್ಲಿ ಎಂದೂ ಆಗದ ಹಾಗೆ ಹೆಗಲು ಇಳಿದಿತ್ತು.

"ಅಳತೆ ಮಾಡಿ," ಎಂದಳು ಡಬಲಮ್ಮ ಯಜಮಾನನಿಗೆ.

ಬಟ್ಟೆಯನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ, ಎಷ್ಟು ಕುಗ್ಗಬೇಕೋ ಅಷ್ಟೂ ಕುಗ್ಗಲಿ ಎಂದು ನೆರಳಿನಲ್ಲಿ ಒಣಗಿಸಿದಳು. ಹೊಲಿದಾದ ಮೇಲೆ ಸೈಕಲ್ ಅಂಗಡಿಯ ಹಿಂದಿನ ತೊಲೆಗೆ ತೂಗುಹಾಕಿ ಅಕ್ಕನ ತೂಕಕ್ಕಿಂತ ಹೆಚ್ಚಿಗೆ ಮರಳಿನ ಚೀಲ ಹೇರಿದಳು. ನೆಲಕ್ಕೂ ಬಟ್ಟೆಗೂ ನಡುವೆ ದಾರ ಹಿಡಿದು ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ನೋಡಿದಳು. ಮೊದಲ ದಿನ ಒಂದಿಷ್ಟು ಇಳಿದದ್ದು ಆಮೇಲೆ ಇಳಿಯಲಿಲ್ಲ.

"ಮರಳಿಗೆ ಏನು ಗೊತ್ತಾಗುತ್ತೆ, ನಾನು ಮಲಗಿ ಹೇಳ್ತೀನಿ," ಎಂದ ಸೈಕಲ್ ಅಂಗಡಿಯವನು. ಅವನದು ದೊಡ್ಡ ಶರೀರ. ಹತ್ತಿದ, ಅಂಚುಗಳು ಮೇಲೆದ್ದು ಮುಚ್ಚಿಕೊಂಡವು. ಡಬಲಮ್ಮನ ಮುಖ ಗಂಟಾಯಿತು. ಅಷ್ಟರಲ್ಲಿ ಅವನು ಕಾಲನ್ನು ಒಂದು ಬದಿಗೆ, ತಲೆಯನ್ನು ಇನ್ನೊಂದು ಬದಿಗೆ ಹೊರಳಿಸಿ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದ. ಬಟ್ಟೆ ಅವನ ಮೈಯ ಕೆಳಗೆ ಹರಡಿ ಮಂಚದ ಹಾಗೆ ಸಮವಾಯಿತು. ಆ ಓರೆಯ ಕಡೆಗೇ ಬಟ್ಟೆ ಬಿಟ್ಟುಕೊಡುತ್ತಿದ್ದದ್ದು. ಅವಳು ಬಗ್ಗಿ ಕೆಳಗಿನಿಂದ ಕೈಯಾಡಿಸಿ ನೋಡಿದಳು, ಸುತ್ತ ಬಂದು ಮತ್ತೆ ನೋಡಿದಳು.

"ಹೇಗಪ್ಪಾ?" ಎಂದು ಕೇಳಿದಳು. ಉತ್ತರವಾಗಿ ಗೊರಕೆ ಬಂತು. ಬ್ರೇಕು ಸರಿ ಮಾಡಿಸಲು ಬಂದ ಇಬ್ಬರು ಗಿರಾಕಿಗಳು ಕಾದು ಕಾದು ಹೊರಟುಹೋದರು.

ಆ ವರ್ಷದ ಚಳಿಗಾಲವನ್ನು ಅಕ್ಕ ದಾಟಲಿಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುವುದು ಸರಿ. ಆದರೆ ಅದಕ್ಕೆ ಮೊದಲು ಅವಳು ಕೆರೆಗೆ ಹೋದಳು.

ವ್ಯಾನು ಗಣಿಯ ದಾರಿಯಲ್ಲಿ ಕುಲುಕದ ಹಾಗೆ ಮಗಳು ನಡೆಯುವವರಿಗಿಂತ ನಿಧಾನವಾಗಿ ಓಡಿಸಿದಳು. ಮಧ್ಯಾಹ್ನ ಇಳಿಯುತ್ತಿರುವಾಗ ದಡ ಸೇರಿದರು. ಯಾವ ಮರ ಎಂದು ಅಕ್ಕ ಕೂತಲ್ಲಿಂದಲೇ ತೋರಿಸಿದಳು. ಡಬಲಮ್ಮ ತೊಗಟೆಗೆ ಗೋಣಿ ಸುತ್ತಿ, ಹಗ್ಗ ಬಿಗಿದು, ತಲೆಯ ಕಡೆ ಏರಿಸಿ, ಗಂಟನ್ನು ಜಗ್ಗಿ ನೋಡಿ, ಮತ್ತೆ ಬಿಚ್ಚಿ ಕಟ್ಟಿದಳು. ಮಗಳು ತಾಯಿಯನ್ನು ಓರೆಯಾಗಿ ಮಲಗಿಸಿದಳು. ಇಟ್ಟಿಗೆ ಬಣ್ಣದ ಬಟ್ಟೆ ಅಕ್ಕನ ಬೆನ್ನನ್ನೂ ಮಂಡಿಯನ್ನೂ ತಿಳಿದುಕೊಂಡ ಹಾಗೆ ಇಳಿದು ನಿಂತಿತು.

ನೀರಿನ ಮೇಲೆ ಬಿಸಿಲು ಕಡಿಮೆಯಾಗುತ್ತಿತ್ತು. ಅಕ್ಕ ಮೇಲೆ ಎಲೆಗಳನ್ನು ನೋಡುತ್ತಿದ್ದಳು. ಡಬಲಮ್ಮ ಪಕ್ಕದಲ್ಲಿ ನಿಂತು ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಕೈ ತೆಗಿಯೇ," ಎಂದಳು ಅಕ್ಕ.

"ತೆಗೆದಿದೀನಿ."

"ಸುಳ್ಳು ಹೇಳ್ಬೇಡ. ತೂಗ್ತಾನೇ ಇಲ್ಲ ಇದು."

ಡಬಲಮ್ಮ ಅಂಚಿನಿಂದ ಬೆರಳುಗಳನ್ನು ಬಿಡಿಸಿಕೊಂಡಳು. ಬಿಟ್ಟ ಮೇಲೂ ಕೈಯನ್ನು ಅಂಚಿನ ಕೆಳಗೆ ಒಂದು ಗೇಣು ದೂರದಲ್ಲಿ ಹಿಡಿದಿದ್ದಳು. ಜೋಲಿ ಆಚೆ ಹೋಯಿತು, ಈಚೆ ಬಂತು. ಹಗ್ಗ ಒಂದು ಸಲ ಕಿರ್ ಎಂದು ಸುಮ್ಮನಾಯಿತು. ಅವಳು ಕೈಯನ್ನು ಇಳಿಸಿದಳು.

ಕತ್ತಲಾಗುವ ಮುಂಚೆ ಮಗಳು ವ್ಯಾನಿನ ಸೀಟಿನ ಮೇಲೆ ಚಿಕ್ಕಮ್ಮನಿಗೆ ಹಾಸಿಗೆ ಮಾಡಿದಳು. "ಇಲ್ಲಿ ಬೆಚ್ಚಗಿರುತ್ತೆ, ಬಾ ಚಿಕ್ಕಮ್ಮಾ."

"ನೀನು ಮಲಗು," ಎಂದಳು ಡಬಲಮ್ಮ. ಚಾಪೆ ತೆಗೆದುಕೊಂಡು ಹೋಗಿ ಜೋಲಿಯ ನೇರ ಕೆಳಗೆ ಹಾಸಿದಳು. ಸೊಂಟ ಹಿಡಿದುಕೊಂಡು ಮೆಲ್ಲಗೆ ಕೂತಳು, ಆಮೇಲೆ ಒರಗಿದಳು. ಬಯಲಿನಲ್ಲಿ ಅವಳು ಮಲಗಿದ್ದು ಅದೇ ಮೊದಲು. ನೆಲ ತಣ್ಣಗಿತ್ತು, ಒಂದು ಕಲ್ಲು ಪಕ್ಕೆಗೆ ಒತ್ತುತ್ತಿತ್ತು.

"ಯಾರೇ ಅದು ಕೆಳಗೆ?" ಎಂದಳು ಅಕ್ಕ ಮೇಲಿನಿಂದ.

"ನಾನೇ."

"ಇಷ್ಟು ದೊಡ್ಡ ದಡದಲ್ಲಿ ಬೇರೆ ಜಾಗ ಸಿಗ್ಲಿಲ್ವಾ?"

"ಇಲ್ಲಿ ನೆಲ ಸಮ ಇದೆ."

ಅಕ್ಕ ನಕ್ಕಳು. ನಕ್ಕದ್ದಕ್ಕೆ ಜೋಲಿ ಸ್ವಲ್ಪ ತೂಗಿತು. "ಬಿದ್ರೆ ಬೆಳಿಗ್ಗೆ ಲೆಕ್ಕ ನೋಡ್ಕೊಳ್ಳೋಣ," ಎಂದಳು.

ಡಬಲಮ್ಮ ಮೇಲೆ ನೋಡುತ್ತ ಮಲಗಿದ್ದಳು. ಉಳಿದ ಬೆಳಕಿನಲ್ಲಿ ಬಟ್ಟೆಯ ಕೆಳಮೈ ಅಕ್ಕನ ಬೆನ್ನಿನ ಆಕಾರ ಹೊತ್ತು ಅವಳ ಮುಖಕ್ಕೆ ಹತ್ತಿರವಾಗಿ ನಿಂತಿತ್ತು. ಅಂಚಿನ ಎರಡು ಸುತ್ತು ಹೊಲಿಗೆ ಇನ್ನೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಕಾಣದಾಯಿತು. ಬಟ್ಟೆ ಒಂದಿಷ್ಟು ಇಳಿಯುವುದು, ಒಂದಿಷ್ಟು ಏರುವುದು ಮಾತ್ರ ಗೊತ್ತಾಗುತ್ತಿತ್ತು. ಕುರ್ಚಿಯಲ್ಲಿ ತಡವರಿಸುತ್ತಿದ್ದ ಉಸಿರು ಈಗ ಉದ್ದವಾಗಿತ್ತು. ಅವಳು ಪಕ್ಕೆಯ ಕೆಳಗಿನ ಕಲ್ಲನ್ನು ತೆಗೆದು ಆಚೆ ಇಟ್ಟು, ಆ ಉಸಿರನ್ನು ಕೇಳುತ್ತ ಕಣ್ಣು ಮುಚ್ಚಿದಳು.